ಎರಡಕ್ಕೂ ಒಂದೇ ಕೋವಿ

ಮಸ್ಕತ್ತಿನ ಅಲ್ ಅಜೈಬಾದಲ್ಲಿರುವ ನಮ್ಮ ಕನ್ನಡಕದ ಅಂಗಡಿಗೆ ನೀವು ಎಂದಾದರೂ ಬಂದರೆ, ಕಣ್ಣು ಪರೀಕ್ಷೆಯ ಕೋಣೆಯ ಮೂಲೆಯಲ್ಲಿ ಒಂದು ಕೋಲು ಒರಗಿ ನಿಂತಿರುವುದು ಕಾಣುತ್ತದೆ. ನೆಲ ಒರೆಸುವ ಮಾಪಿನ ಮರದ ಕೋಲು. ಮಾಪು ಯಾವಾಗಲೋ ಹೋಗಿದೆ, ಕೋಲು ಮಾತ್ರ ಉಳಿದಿದೆ. ಅದರ ಒಂದು ತುದಿಯಲ್ಲಿ ಕಪ್ಪು ಟೇಪು ಸುತ್ತಿ ಅರ್ಧ ಬೆಂಕಿಕಡ್ಡಿಯನ್ನು ನೆಟ್ಟಗೆ ನಿಲ್ಲಿಸಲಾಗಿದೆ. ಇನ್ನೊಂದು ತುದಿ ಕಲ್ಲಿಗೆ ತಿಕ್ಕಿ ತರಚಿಹೋಗಿದೆ. ಬಂದ ಗಿರಾಕಿಗಳು ಅದನ್ನು ನೋಡಿ, ಇದು ಕಣ್ಣಿನ ಯಾವುದೋ ಹೊಸ ಪರೀಕ್ಷೆಯಿರಬೇಕು ಎಂದುಕೊಂಡು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದು ಕೂರುತ್ತಾರೆ.

"ಎಂತ ಮಾರಾಯ್ರೇ, ಆ ಕೋಲನ್ನು ಇನ್ನೂ ಬಿಸಾಡ್ಲಿಲ್ವಾ? ಬಂದವ್ರು ಎಂತ ಎಣಿಸಿಕೊಳ್ಳುದಿಲ್ಲ?" ಎಂದು ನನ್ನ ಹೆಂಡತಿ ಶೋಭಾ ವಾರಕ್ಕೊಮ್ಮೆಯಾದರೂ ಕೇಳುತ್ತಾಳೆ. ಅಂಗಡಿಯಲ್ಲಿ ಕಣ್ಣು ನೋಡುವವನು ನಾನು, ಫ್ರೇಮು ತೋರಿಸುವವಳು ಅವಳು. ಹೀಗಾಗಿ ಅಂದಚಂದದ ವಿಷಯದಲ್ಲಿ ಅವಳದೇ ಕೊನೆಯ ಮಾತು. ಆದರೂ ಈ ಕೋಲಿನ ಮಟ್ಟಿಗೆ ನಾನು ಸೋತಿಲ್ಲ. ಈಗ ನನ್ನ ಮೂಗಿನ ಮೇಲೆ ಕುಳಿತಿರುವ ಬೈಫೋಕಲ್ ಕನ್ನಡಕಕ್ಕೂ ಆ ಕೋಲಿಗೂ ಒಂದು ನಂಟು ಉಂಟು. ಅದನ್ನು ಹೇಳಬೇಕಾದರೆ ಕೋವಿಯ ವಿಷಯ ಹೇಳಬೇಕು. ಕೋವಿಯ ವಿಷಯಕ್ಕೆ ಮೊದಲು ಟೂ ಇನ್ ಒನ್ನಿನ ವಿಷಯ.

ಟೂ ಇನ್ ಒನ್ ಎಂದರೆ ಏನೆಂದು ನನ್ನ ವಯಸ್ಸಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಒಂದೇ ಪೆಟ್ಟಿಗೆಯಲ್ಲಿ. ಮೂಡಬಿದಿರೆಯಿಂದ ಒಳಗೆ ಇರುವ ನಮ್ಮ ಹಳ್ಳಿಗೆ ಅಂಥ ಮೊದಲ ಪೆಟ್ಟಿಗೆಯನ್ನು ತಂದವರು ಮಸ್ಕತ್ತಿನಲ್ಲಿದ್ದ ನನ್ನ ಸಣ್ಣ ಮಾವ. ಒಂದೇ ವಸ್ತು ಎರಡು ಕೆಲಸ ಮಾಡುತ್ತದೆ ಎಂಬುದು ನಮ್ಮ ಮನೆಯವರಿಗೆ ಎಷ್ಟು ಹಿಡಿಸಿತೆಂದರೆ, ಆಮೇಲೆ ಅದೇ ನಮ್ಮ ಮನೆತನದ ಸಿದ್ಧಾಂತವಾಯಿತು. ಮಳೆಗಾಲದ ಕೊಡೆ ಬೇಸಿಗೆಯಲ್ಲಿ ಹಪ್ಪಳದ ಕಾಗೆ ಓಡಿಸುತ್ತಿತ್ತು. ನನ್ನ ಶಾಲೆಯ ಚೀಲ ರಜೆಯಲ್ಲಿ ಗೇರುಬೀಜ ಹೊರುತ್ತಿತ್ತು. ಟೂ ಇನ್ ಒನ್ ಮಾತ್ರ ಒಂದು ದಿನ ಕ್ಯಾಸೆಟ್ಟನ್ನು ನುಂಗಿ ಕುಳಿತುಬಿಟ್ಟಿತು. ಟೇಪು ರಿಪೇರಿಗೆ ಹೋಗುವಾಗ ಚೆನ್ನಾಗಿದ್ದ ರೇಡಿಯೋ ಕೂಡ ಜೊತೆಯಲ್ಲೇ ಪೇಟೆಗೆ ಹೋಯಿತು. ಎರಡೂ ಒಂದರಲ್ಲೇ ಇದ್ದರೆ ಕೆಡುವುದೂ ಒಟ್ಟಿಗೇ ಎಂಬ ಸತ್ಯ ಆವಾಗಲೇ ತಿಳಿದಿತ್ತು. ಸಿದ್ಧಾಂತವನ್ನು ಮಾತ್ರ ಯಾರೂ ಬಿಡಲಿಲ್ಲ.

ಇನ್ನು ಅಬೂ ಸಾಲಿಂ, ಅಂದರೆ ಸಾಲಿಂನ ಅಪ್ಪ. ಮತ್ರಾ ಬಂದರಿನಲ್ಲಿ ಬದುಕಿಡೀ ಕ್ರೇನು ನಡೆಸಿ ನಿವೃತ್ತರಾದ, ಬೆಳ್ಳಿ ಗಡ್ಡದ, ಎಪ್ಪತ್ತು ದಾಟಿದ ಒಮಾನಿ ಹಿರಿಯರು. ಮಗ ಸಾಲಿಂ ಇಂಜಿನಿಯರ್. ಅವನ ಜೊತೆ ನಮ್ಮ ಅಂಗಡಿಯ ಹಿಂದಿನ ಬೀದಿಯಲ್ಲೇ ವಾಸ. ಹುಟ್ಟೂರು ಒಳನಾಡಿನ ಬೆಟ್ಟಗಳ ನಡುವೆ. ಬಂದರಿನಲ್ಲಿ ನಮ್ಮವರ ಜೊತೆ ದುಡಿದು ಕಲಿತ ಹಿಂದಿ ಅವರದು, ಅಂಗಡಿಯಲ್ಲಿ ಕಲಿತ ಅರಬ್ಬಿ ನನ್ನದು. ಎರಡೂ ಕುಂಟುತ್ತವೆ, ಆದರೆ ಒಂದರ ಹೆಗಲಿಗೆ ಒಂದು ಕೈಹಾಕಿಕೊಂಡು ಹೇಗೋ ಊರು ಸೇರುತ್ತವೆ. ಇಲ್ಲಿ ಬರುವ ಅವರ ಮಾತೆಲ್ಲ ನನ್ನ ಕನ್ನಡದಲ್ಲಿದೆ. ನಾನು ಡಾಕ್ಟರ್ ಅಲ್ಲ ಎಂದು ಅವರಿಗೆ ಬಹಳ ಸಲ ಹೇಳಿ ಕೊನೆಗೆ ಬಿಟ್ಟಿದ್ದೇನೆ.

ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವರು ಮಗನ ಜೊತೆ ಅಂಗಡಿಗೆ ಬಂದರು. ಕುರ್ಚಿಯಲ್ಲಿ ಕೂತವರೇ, "ಡಾಕ್ಟರ್, ಒಂದೇ ಕನ್ನಡಕ ಬೇಕು. ಹತ್ತಿರಕ್ಕೂ ಆಗಬೇಕು, ದೂರಕ್ಕೂ ಆಗಬೇಕು" ಎಂದರು.

ನನಗೆ ಖುಷಿಯಾಯಿತು. ನಮ್ಮ ಮನೆತನದ ಮನುಷ್ಯ! "ಹತ್ತಿರ ಅಂದರೆ ಎಷ್ಟು? ಪೇಪರ್ ಓದುವಷ್ಟಾ?" ಎಂದು ಕೇಳಿದೆ.

ಅವರು ಎಡಗೈಯನ್ನು ಪೂರ್ತಿ ಚಾಚಿ, ಬೆರಳ ತುದಿಯಿಂದಲೂ ಸ್ವಲ್ಪ ಆಚೆ ತೋರಿಸಿದರು. "ಇಷ್ಟು."

"ದೂರ ಅಂದರೆ?"

ಕಿಟಕಿಯಾಚೆ, ಕಟ್ಟಡಗಳ ತಲೆಯ ಮೇಲೆ ಕಾಣುವ ಬೋಳು ಗುಡ್ಡದ ಕಡೆ ಕೈ ತೋರಿಸಿದರು. "ಅಷ್ಟು."

ಸಾಲಿಂ ನಿಟ್ಟುಸಿರು ಬಿಟ್ಟ. "ಕೋವಿಗೆ ಕೇಳ್ತಿದ್ದಾರೆ ಡಾಕ್ಟರ್. ಹತ್ತಿರ ಅಂದರೆ ನಳಿಗೆಯ ತುದಿಯಲ್ಲಿ ಗುರಿ ಹಿಡಿಯುವ ಕಡ್ಡಿ. ದೂರ ಅಂದರೆ ಗುರಿ."

ವಿಷಯ ಹೀಗೆ. ಅವರ ಊರಿನಲ್ಲಿ ಈದ್ ಮರುದಿನ ಗಂಡಸರೆಲ್ಲ ಬೆಟ್ಟದ ಒಂದು ಹಾಸುಬಂಡೆಗೆ ಏರಿ, ಕಣಿವೆಯಾಚೆಗಿನ ಇಳಿಜಾರಿನಲ್ಲಿ ಇಟ್ಟ ಬಿಳಿ ಕಲ್ಲಿಗೆ ಗುರಿ ಹೊಡೆಯುತ್ತಾರೆ. ದುರ್ಬೀನು ಹಾಕಿದ ಕೋವಿಗೆ ಅಲ್ಲಿ ಜಾಗವಿಲ್ಲ, ಬರಿಗಣ್ಣಿನ ಗುರಿ, ಹೆಚ್ಚೆಂದರೆ ಕನ್ನಡಕ. ಇನ್ನೊಂದು ಕಟ್ಟಳೆಯೂ ಉಂಟು: ತನ್ನ ಕೋವಿಯನ್ನು ಕೆಳಗಿನಿಂದ ತಾನೇ ಹೊತ್ತು ಏರಿದವನಿಗೆ ಮಾತ್ರ ಸಾಲಿನಲ್ಲಿ ಸ್ಥಾನ. ಹೊರಲಾಗದವರು ಕೆಳಗೆ ಹಿರಿಯರ ಚಾಪೆಯಲ್ಲಿ ಕೂತು ಖರ್ಜೂರ ತಿಂದು ಕಹ್ವಾ ಕಾಫಿ ಕುಡಿಯಬಹುದು. ಬಹಳ ಮರ್ಯಾದೆಯ ಚಾಪೆ. ಆದರೆ ಒಮ್ಮೆ ಆ ಚಾಪೆಯಲ್ಲಿ ಕೂತವರು ಮತ್ತೆ ಸಾಲಿಗೆ ಎದ್ದು ಹೋದದ್ದನ್ನು ಯಾರೂ ನೋಡಿಲ್ಲ. ಕಣ್ಣು ಮಂಜಾದ ಮೇಲೆ ಎರಡು ಈದ್ ಅಬೂ ಸಾಲಿಂ ಊರಿಗೇ ಹೋಗಿರಲಿಲ್ಲ. ಹೋದರೆ ಚಾಪೆ ತೋರಿಸುತ್ತಾರೆ ಎಂಬ ಹೆದರಿಕೆ.

ಅವರ ಹಳೆಯ ಕೋವಿಯ ನಳಿಗೆ ಸವೆದು, ಗುಂಡು ಎಲ್ಲಿಗೆ ಹೋಗುತ್ತದೆಂದು ಗುಂಡಿಗೇ ತಿಳಿಯದ ಸ್ಥಿತಿಯಲ್ಲಿತ್ತು. ಹೊಸದಕ್ಕೆ ಕಾಗದಪತ್ರವೆಲ್ಲ ಆಗಿತ್ತು. ಆದರೆ ಕೋವಿ ಅಂಗಡಿಗೆ ಹೋದಾಗಲೆಲ್ಲ ಅಲ್ಲಿಯವನು ಕೇಳುವ ಮೊದಲ ಪ್ರಶ್ನೆ: ಬೇಟೆಗೋ, ಗುರಿಗೋ? ಬೇಟೆಯ ಕೋವಿ ಹಗುರ. ಹೆಗಲಿಗೆ ಹಾಕಿಕೊಂಡು ದಿನವಿಡೀ ನಡೆಯಬಹುದು. ಆದರೆ ತೆಳು ನಳಿಗೆ ಬೇಗ ಬಿಸಿಯಾಗಿ ದೂರದ ಗುರಿ ಚದುರುತ್ತದೆ, ಹೆಗಲಿಗೆ ಒದೆಯೂ ಜಾಸ್ತಿ. ಗುರಿಯ ಕೋವಿ ಭಾರ. ಮಲಗಿಸಿದಲ್ಲಿ ಮಲಗಿರುತ್ತದೆ, ಕದಲುವುದಿಲ್ಲ, ಹೊಡೆದಲ್ಲಿಗೇ ಹೊಡೆಯುತ್ತದೆ. ಆದರೆ ಅದನ್ನು ಹೊತ್ತು ಬೆಟ್ಟ ಏರಬೇಕಾದರೆ ಬಂದರಿನ ಕ್ರೇನೇ ಬರಬೇಕು.

"ಎರಡಕ್ಕೂ ಆಗುವುದು ಕೊಡು ಅಂದೆ. ನಕ್ಕುಬಿಟ್ಟ" ಎಂದರು ಅಬೂ ಸಾಲಿಂ.

"ಬಾಬಾ, ಬೇಟೆ ಎಲ್ಲಿದೆ ಈಗ? ಕಾನೂನೇ ಬಿಡುವುದಿಲ್ಲ" ಎಂದ ಸಾಲಿಂ. "ಭಾರದ್ದೇ ತೆಗೆದುಕೊಳ್ಳಿ. ಇಲ್ಲೇ ಶೂಟಿಂಗ್ ರೇಂಜಿಗೆ ನಾನು ಕಾರಲ್ಲಿ ಕರೆದುಕೊಂಡು ಹೋಗ್ತೇನೆ. ಎ.ಸಿ. ಇದೆ, ಕುರ್ಚಿ ಇದೆ."

"ಬೇಟೆ ನಿಲ್ಲಿಸಿದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಇವತ್ತು ನೋಡಲಿಕ್ಕೂ ಒಂದು ಕಾಡುಮೇಕೆ ಉಳಿಯುತ್ತಿರಲಿಲ್ಲ. ಆದರೆ ನಿನಗೆ ಗೊತ್ತಿಲ್ಲ ಸಾಲಿಂ. ಬೇಟೆಯಲ್ಲಿ ಹೊಡೆಯುವುದು ಒಂದು ಕ್ಷಣ, ಉಳಿದದ್ದೆಲ್ಲ ನಡೆಯುವುದು. ಆ ಒಂದು ಕ್ಷಣ ನನಗೆ ಬೇಡ. ನಡೆಯುವುದು ಬೇಕು."

ತಂದೆ ಬೆಟ್ಟದಲ್ಲಿ ಬಿದ್ದಾರು ಎಂಬುದು ಸಾಲಿಂನ ಚಿಂತೆ. ಅದೂ ತಪ್ಪಲ್ಲ. ಒಬ್ಬ ಮಗ ತಂದೆಯನ್ನು ಕುರ್ಚಿಯಲ್ಲಿ ಕೂರಿಸಿ ಪ್ರೀತಿಸಲು ಹೊರಟಿದ್ದ, ತಂದೆಗೆ ಕುರ್ಚಿ ಬೇಡವಾಗಿತ್ತು. ನಡುವೆ ಕನ್ನಡಕದವನು ನಾನು.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. "ನಮ್ಮ ಮನೆಯಲ್ಲೂ ಕೋವಿ ಇತ್ತು" ಎಂದುಬಿಟ್ಟೆ. ಅಬೂ ಸಾಲಿಂ ಕಣ್ಣು ಅರಳಿತು. ಆ ಕ್ಷಣದಿಂದ ನಾನು ಕಣ್ಣಿನ ಡಾಕ್ಟರ್ ಮಾತ್ರವಲ್ಲ, ಕೋವಿಯ ಸಲಹೆಗಾರನೂ ಆದೆ. ಟೂ ಇನ್ ಒನ್.

ನಮ್ಮ ಕೋವಿಯ ಕತೆಯನ್ನು ನಿಮ್ಮಲ್ಲಿ ಹೇಳಿದರೆ ತೊಂದರೆಯಿಲ್ಲ. ಅದು ದೊಡ್ಡ ಮಾವನ ಒಂಟಿ ನಳಿಗೆಯ ಕೋವಿ. ಬೆಳೆ ಕಾಯಲಿಕ್ಕೆಂದು ಲೈಸೆನ್ಸ್. ಆದರೆ ಚುನಾವಣೆ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬರಬೇಕು. ಪಂಚಾಯತು, ವಿಧಾನಸಭೆ, ಲೋಕಸಭೆ ಎಂದು ಒಂದಾದ ಮೇಲೊಂದು ಚುನಾವಣೆ ಬಂದು, ಕೋವಿ ಗದ್ದೆಯಲ್ಲಿದ್ದದ್ದಕ್ಕಿಂತ ಠಾಣೆಯಲ್ಲಿದ್ದದ್ದೇ ಹೆಚ್ಚು. ನೀತಿಸಂಹಿತೆ ಜಾರಿಯಾದದ್ದು ನಮಗಿಂತ ಮೊದಲು ಮಂಗಗಳಿಗೆ ಗೊತ್ತಾಗುತ್ತದೆ ಎಂದು ಮಾವ ಹೇಳುತ್ತಿದ್ದರು. ಮನೆಯಲ್ಲಿದ್ದಾಗ ಅದರ ಈಡು ಕೇಳಿದ್ದು ನನಗೆ ನೆನಪಿರುವಂತೆ ಒಂದೇ ಸಲ. ಹಂದಿ ಬದುಕಿ ಓಡಿತು, ಪಕ್ಕದ ಮನೆಯ ಹಂಡೆಗೆ ತೂತು ಬಿತ್ತು. ಇಷ್ಟೇ ನನ್ನ ಅನುಭವ. ಅಬೂ ಸಾಲಿಂ ಎದುರು ಹಂಡೆಯ ವಿಷಯ ತೆಗೆಯಲಿಲ್ಲ.

ಅವರಿಗೆ ಒಳ್ಳೆಯ ಬೈಫೋಕಲ್ ಮಾಡಿಕೊಟ್ಟೆ. ಮೇಲೆ ದೂರದ ಪವರು, ಕೆಳಗೆ ಹತ್ತಿರದ ತುಂಡು. ಕೈಯಳತೆಯ ದೂರಕ್ಕೆ ಸರಿಯಾಗಿ ಲೆಕ್ಕಹಾಕಿ ಕೂರಿಸಿದ್ದೆ. ನನಗೇ ಹೆಮ್ಮೆಯಾಗಿತ್ತು. ಒಂದು ವಾರದಲ್ಲಿ ಅವರು ಹಳೆಯ ಕೋವಿ ಹಿಡಿದು ನೋಡಿ ವಾಪಸ್ ಬಂದರು. "ಕುಳಿತರೆ ಎಲ್ಲ ಕಾಣುತ್ತದೆ ಡಾಕ್ಟರ್. ಮಲಗಿ ಗುರಿ ಹಿಡಿದರೆ ಕಡ್ಡಿ ಮಂಜು."

ಇನ್ನೊಮ್ಮೆ ಪರೀಕ್ಷಿಸಿದೆ. ಅಕ್ಷರ ಓದಿದರು, ಸಾಲು ಓದಿದರು, ಎಲ್ಲ ಸರಿ. ಪವರು ಬದಲಿಸಿದೆ. ಮತ್ತೆ ವಾಪಸ್. "ಮಂಜು." ನನ್ನ ಮುಖವೂ ಅದೇ ಬಣ್ಣಕ್ಕೆ ಬಂತು. ಆಗ ಶೋಭಾ ಕೌಂಟರಿನಿಂದಲೇ ಕೂಗಿದಳು. "ಅಲ್ಲ ಮಾರಾಯ್ರೇ, ಅವ್ರು ಮಲಗಿ ಹೊಡಿತಾರೆ ಅಂತ ಹೇಳ್ತಿದ್ದಾರೆ, ನೀವು ಕೂರಿಸಿ ಕೂರಿಸಿ ನೋಡುದೆಂತಕ್ಕೆ? ಮಲಗಿಸಿ ನೋಡಿ."

ಕೋವಿಯನ್ನು ಅಂಗಡಿಗೆ ತರುವಂತಿಲ್ಲ. ಸುತ್ತ ನೋಡಿದೆ. ಮಾಪು ಕಂಡಿತು. ಅದರ ಬಟ್ಟೆ ಕಳಚಿ, ಕೋಲಿನ ತುದಿಗೆ ಬೆಂಕಿಕಡ್ಡಿ ಕಟ್ಟಿದೆ. ಅಬೂ ಸಾಲಿಂ ಯಾವ ಸಂಕೋಚವೂ ಇಲ್ಲದೆ ಬಿಳಿ ನಿಲುವಂಗಿ ಒತ್ತರಿಸಿಕೊಂಡು ನಮ್ಮ ಕಾರ್ಪೆಟ್ಟಿನ ಮೇಲೆ ಹೊಟ್ಟೆಯಡಿಯಾಗಿ ಮಲಗಿ, ಕೋಲನ್ನು ಹೆಗಲಿಗೆ ಕೊಟ್ಟು, ಕೆನ್ನೆ ಒತ್ತಿ, ಅಕ್ಷರದ ಬೋರ್ಡಿಗೆ ಗುರಿ ಹಿಡಿದರು. ಅದೇ ಹೊತ್ತಿಗೆ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಒಬ್ಬರು ಮೈಸೂರಿನ ಅಮ್ಮ ಒಳಗೆ ಕಾಲಿಟ್ಟು, "ಅಯ್ಯೋ, ಆಮೇಲೆ ಬರ್ತೀನಿ" ಎಂದು ಹಾಗೇ ಹಿಂದಿರುಗಿದರು.

ನಾನೂ ಅವರ ಪಕ್ಕ ಮಲಗಿ ನೋಡಿದೆ. ಆಗ ಹೊಳೆಯಿತು. ಕೆನ್ನೆ ಕೋಲಿಗೆ ಒತ್ತಿದಾಗ ತಲೆ ಬಗ್ಗುತ್ತದೆ, ಕಣ್ಣು ಮೇಲಕ್ಕೆ ನೋಡುತ್ತದೆ. ನೋಟ ಹಾಯುವುದು ಕನ್ನಡಕದ ಮೇಲಿನ ಅಂಚಿನಲ್ಲಿ, ಅದೂ ಮೂಗಿನ ಬದಿಯ ಮೂಲೆಯಲ್ಲಿ. ಅಲ್ಲಿ ನಾನು ದೂರದ ಪವರು ಇಟ್ಟಿದ್ದೆ. ಹತ್ತಿರದ್ದು ಕೆಳಗೆ, ಅವರ ಗಡ್ಡದ ಹತ್ತಿರ, ಯಾರಿಗೂ ಬೇಡದೆ ಕುಳಿತಿತ್ತು. ಕಣ್ಣಿನವರಾದ ನಾವು ಲೋಕವೆಲ್ಲ ಕುರ್ಚಿಯಲ್ಲಿ ನೆಟ್ಟಗೆ ಕೂತು ಕೆಳಗೆ ನೋಡಿ ಓದುತ್ತದೆ ಎಂದು ನಂಬಿದವರು. ಆ ನಂಬಿಕೆಯನ್ನು ತಲೆಕೆಳಗು ಮಾಡಿದೆ. ಬಲಗಣ್ಣಿನ ಗಾಜಿನ ಮೇಲ್ಮೂಲೆಗೆ ಹತ್ತಿರದ ಸಣ್ಣ ತುಂಡು, ಉಳಿದದ್ದೆಲ್ಲ ದೂರಕ್ಕೆ. ಗುರಿ ಹಿಡಿಯುವಾಗ ಕಡ್ಡಿ ಸ್ಪಷ್ಟವಾಗಿದ್ದರೆ ಆಯಿತು, ಆಚೆಯ ಕಲ್ಲು ತುಸು ಮಸುಕಾದರೂ ನಡೆಯುತ್ತದೆ. ಚಿಕ್ಕಂದಿನಲ್ಲಿ ತೆಂಗಿನ ಗರಿಯಿಂದ ಕನ್ನಡಕ ಹೆಣೆದು ಮೇಲೆ ಕೆಳಗೆ ನೋಡದೆ ಮೂಗಿಗೇರಿಸುತ್ತಿದ್ದೆವಲ್ಲ, ಹಾಗೆ.

ಆಮೇಲೆ ಕೋವಿ. ನಾವೆಲ್ಲ ಒಟ್ಟಾಗಿ ಕೋವಿ ಅಂಗಡಿಗೆ ಹೋದೆವು. ನನ್ನ ಕೈಯಲ್ಲಿ ಕಣ್ಣು ಪರೀಕ್ಷೆಯ ಗಾಜುಗಳ ಪೆಟ್ಟಿಗೆ, ಸಾಲಿಂ ಕೈಯಲ್ಲಿ ಆ ಕೋಲು. ಅಂಗಡಿಯವನು ನಮ್ಮನ್ನು ಮೇಲೆ ಕೆಳಗೆ ನೋಡಿ ಮತ್ತೆ ಅದೇ ಪ್ರಶ್ನೆ ಕೇಳಿದ. "ಎರಡಕ್ಕೂ" ಎಂದರು ಅಬೂ ಸಾಲಿಂ.

ಆದರೆ ಈ ಸಲ ಅವರು ತಯಾರಾಗಿ ಬಂದಿದ್ದರು. ಅಜೈಬಾದ ಸಮುದ್ರತೀರದಲ್ಲಿ ಸಂಜೆ ನಡೆಯುವಾಗ ಹೆಗಲ ಮೇಲೆ ಅಕ್ಕಿಯ ಚೀಲ ಹೊತ್ತು ಅಭ್ಯಾಸ ಮಾಡಿದ್ದರು. ಐದು ಕಿಲೋದ ಚೀಲದಲ್ಲಿ ಶುರುಮಾಡಿ, ಏದುಸಿರು ಬಂದಾಗ ಒಂದೊಂದೇ ಲೋಟ ಅಕ್ಕಿ ತೆಗೆದು ನಾಲ್ಕು ಕಿಲೋಗೆ ತಂದಿದ್ದರು. ಆ ಭಾರದಲ್ಲಿ ಉಸಿರು ಹದಕ್ಕೆ ಬಂತು, ಕಾಲು ಗಟ್ಟಿಯಾಗಿ ನಿಂತಿತು. "ನಾಲ್ಕು ಕಿಲೋ. ಅದಕ್ಕಿಂತ ಒಂದು ಹಿಡಿ ಅಕ್ಕಿ ಹೆಚ್ಚಾದರೂ ಬೇಡ" ಎಂದರು. ಕೋವಿಯನ್ನು ಅಕ್ಕಿಯಲ್ಲಿ ಅಳೆದ ಗಿರಾಕಿಯನ್ನು ಅಂಗಡಿಯವನು ಅಲ್ಲಿಯವರೆಗೆ ಕಂಡಿರಲಿಲ್ಲ.

ನನ್ನ ಪಾಲಿನದು ಕಣ್ಣಿನ ಲೆಕ್ಕ. ನಳಿಗೆ ಉದ್ದವಿದ್ದಷ್ಟು ತುದಿಯ ಕಡ್ಡಿ ಕಣ್ಣಿನಿಂದ ದೂರವಾಗುತ್ತದೆ. ದೂರವಾದಷ್ಟು ವಯಸ್ಸಾದ ಕಣ್ಣಿಗೆ ಸ್ಪಷ್ಟ. ಹಾಗಾಗಿ ಗಿಡ್ಡದ್ದು ಬೇಡ ಎಂದೆ. ಉದ್ದ ನಳಿಗೆಯಾದರೆ ಭಾರ ಏರುತ್ತದೆ. ಭಾರ ಇಳಿಸಬೇಕಾದರೆ ಹಿಂಬದಿಯ ಮರದ ಬುಡ ಬಿಟ್ಟು ಫೈಬರಿನದ್ದು ತೆಗೆದುಕೊಳ್ಳಬೇಕು. ಅಬೂ ಸಾಲಿಂ ಆ ಕಪ್ಪು ಬುಡವನ್ನು ಬೆರಳಿಂದ ತಟ್ಟಿ, "ಇದು ಕೋವಿಯೋ ಬಕೆಟ್ಟೋ" ಎಂದರು. ಕೆನ್ನೆಗೆ ಮರದ ತಣ್ಣನೆ ಬೇಕು ಎಂದು ಬಹಳ ಹೊತ್ತು ಚೌಕಾಸಿ ಮಾಡಿದರು, ಅಂಗಡಿಯವನ ಜೊತೆಯಲ್ಲ, ತಮ್ಮ ಜೊತೆ ತಾವೇ. ಒದೆ ಕಡಿಮೆಯಿರುವ, ಎಲ್ಲ ಕಡೆ ಸಿಗುವ ಸಾಧಾರಣ ತೋಟೆಯದ್ದೇ ಇರಲಿ ಎಂದು ಸಾಲಿಂ ಹೇಳಿದ. ಮಗ ಭಾರದ ಕೋವಿಯ ಕಡೆ ತಿರುಗಿಯೂ ನೋಡದೆ ಹೀಗೆ ಹೇಳಿದ್ದು ತಂದೆಯ ಗಮನಕ್ಕೆ ಬಂತು. ಅವರು ಮತ್ತೆ ಮರದ ಮಾತೆತ್ತಲಿಲ್ಲ. "ಖಲಾಸ್, ಇದೇ" ಎಂದರು.

ಬೇಟೆಯವನ ಕಣ್ಣಿಗೆ ಅದು ಸ್ವಲ್ಪ ಉದ್ದ, ಗುರಿಯವನ ಕಣ್ಣಿಗೆ ಸ್ವಲ್ಪ ಹಗುರ. ಯಾರಿಗೂ ಪೂರ್ತಿ ಸರಿಯಲ್ಲ. ಅಬೂ ಸಾಲಿಂಗೆ ಮಾತ್ರ ಸರಿ.

ಈದ್ ಮರುದಿನಕ್ಕೆ ನನಗೂ ಶೋಭಾಗೂ ಅತಿಥಿಗಳಾಗಿ ಕರೆ ಬಂತು. ಇಲ್ಲಿ ನನ್ನ ಸ್ವಂತ ಕಣ್ಣಿನ ಬಗ್ಗೆ ಒಂದು ಮಾತು. ಊರಿಗೆಲ್ಲ ಬೈಫೋಕಲ್ ಹಂಚುವ ನಾನು ಆಗ ಅದನ್ನು ಹಾಕುತ್ತಿರಲಿಲ್ಲ. ಮುದುಕನಂತೆ ಕಾಣುತ್ತೇನೆ ಎಂಬ ಒಣಜಂಬ. ಓದಲಿಕ್ಕೆ ಒಂದು, ದೂರಕ್ಕೆ ಒಂದು, ಎರಡು ಜೇಬಿನಲ್ಲಿ ಎರಡು ಕನ್ನಡಕ. ವೈದ್ಯನ ಮನೆಯಲ್ಲೇ ಕೆಮ್ಮು ಹೆಚ್ಚು ಎಂದು ಶೋಭಾ ಛೇಡಿಸುತ್ತಿದ್ದಳು. ಅವತ್ತು ಕಾರಿನಲ್ಲಿ ದಾರಿಯ ನಕ್ಷೆ ನೋಡಲು ಓದುವ ಕನ್ನಡಕ ಹಾಕಿದ್ದೆ. ಇಳಿಯುವ ಗಡಿಬಿಡಿಯಲ್ಲಿ ದೂರದ್ದು ಸೀಟಿನಲ್ಲೇ ಉಳಿಯಿತು. ಅದು ಗೊತ್ತಾದಾಗ ಅರ್ಧ ಬೆಟ್ಟ ಏರಿಯಾಗಿತ್ತು. ಕೈಗೆ ಆಧಾರವಾಗಿ ನನ್ನ ಬಳಿ ಇದ್ದದ್ದು ಡಿಕ್ಕಿಯಲ್ಲಿ ಮರೆತು ಬಿದ್ದಿದ್ದ ಮಾಪಿನ ಕೋಲು.

ಅಬೂ ಸಾಲಿಂ ನಮ್ಮೆಲ್ಲರಿಗಿಂತ ಮುಂದೆ, ನಿಧಾನವಾಗಿ, ಹೆಗಲಿಗೆ ಕೋವಿ ತೂಗಿಸಿಕೊಂಡು ಏರುತ್ತಿದ್ದರು. ಕಡಿದಾದ ಒಂದು ತಿರುವಿನಲ್ಲಿ ಅವರ ಕಾಲು ಜಾರಿತು. ಸಾಲಿಂ ಕೈ ಥಟ್ಟನೆ ಕೋವಿಯ ಪಟ್ಟಿಯ ಕಡೆ ಹೋಯಿತು. ಹೋದ ಕೈ ಅಲ್ಲೇ ನಿಂತು, ತಂದೆಯ ಬೆನ್ನ ಹಿಂದೆ ಮುಟ್ಟದೆ ಸುಮ್ಮನೆ ಚಾಚಿಕೊಂಡಿತು. ಹಾಸುಬಂಡೆ ಬರುವವರೆಗೂ ಆ ಕೈ ಹಾಗೇ ಇತ್ತು.

ಮೇಲೆ ಸಾಲಿನಲ್ಲಿ ಅವರಿಗೆ ಜಾಗ ಮಾಡಿಕೊಟ್ಟರು. ಯಾರೂ ದೊಡ್ಡ ಮಾತಾಡಲಿಲ್ಲ, ನಿನ್ನೆಯೂ ಬಂದಿದ್ದವರನ್ನು ನೋಡುವಂತೆ ಸಲಾಂ ಹೇಳಿದರು, ಅಷ್ಟೇ. ಕಣಿವೆಯಾಚೆ ಬಂಡೆಯ ಮರೆಯಲ್ಲಿ ಒಬ್ಬ ಇರುತ್ತಾನೆ. ಕಲ್ಲಿಗೆ ಗುಂಡು ತಾಗಿದರೆ ಬಿಳಿ ಬಟ್ಟೆ ಬೀಸುತ್ತಾನೆ. ಅಬೂ ಸಾಲಿಂ ಮಲಗಿದರು, ಕಪ್ಪು ಬುಡಕ್ಕೆ ಕೆನ್ನೆ ಒತ್ತಿದರು. ಮೊದಲ ಈಡು. ಬಟ್ಟೆ ಇಲ್ಲ ಎಂದು ಸುತ್ತಲಿನವರ ಮೌನದಿಂದಲೇ ತಿಳಿಯಿತು. ಎರಡನೆಯದಕ್ಕೂ ಮೌನ. ಸಾಲಿಂ ಮುಖ ಆಚೆ ತಿರುಗಿಸಿಕೊಂಡ. ನನ್ನ ಲೆಕ್ಕ ಮತ್ತೆ ತಪ್ಪಿತೋ, ಕಡ್ಡಿ ಮತ್ತೆ ಮಂಜಾಯಿತೋ ಎಂದು ನಾನು ಬೆವತೆ. ಅವರು ಎದ್ದು ಕೂತು, ಕನ್ನಡಕ ತೆಗೆದು, ರುಮಾಲಿನ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಮಲಗಿದರು. ಬಹಳ ಹೊತ್ತು ಉಸಿರು ಬಿಡದೆ ಇದ್ದರು. ಮೂರನೆಯ ಈಡು ಕಣಿವೆಯಲ್ಲೆಲ್ಲ ಸುತ್ತಿ ಬಂತು.

ನನ್ನ ಕಣ್ಣಿಗೆ ಕಂಡದ್ದು ಕಂದು ಬಣ್ಣದ ಒಂದು ಕಲಸುಮೇಲೋಗರ ಮಾತ್ರ. "ಏ ಶೋಭಾ, ಎಂತ ಆಯ್ತು? ತಾಗಿತಾ?" ಎಂದು ಅವಳ ಸೆರಗು ಜಗ್ಗಿದೆ.

ಉತ್ತರ ಬಂದದ್ದು ಬಂಡೆಯ ಮೇಲಿನಿಂದ. ಅಬೂ ಸಾಲಿಂ ಮಲಗಿದಲ್ಲಿಂದಲೇ ತಲೆಯೆತ್ತಿ ನನ್ನ ಕಡೆ ತಿರುಗಿದ್ದರು. "ಏನು ಡಾಕ್ಟರ್, ನಿಮಗೆ ಕಾಣಲಿಲ್ಲವೇ? ಬಿಳಿ ಬಟ್ಟೆ! ಎರಡೂ ಕೈಯಲ್ಲಿ ಬೀಸುತ್ತಿದ್ದಾನೆ!"

ಸಾಲಿನವರೆಲ್ಲ ನಕ್ಕರು. ಶೋಭಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾಳೆಯೇ ನಿಮಗೂ ಬೈಫೋಕಲ್, ಫ್ರೇಮು ನಾನು ಆರಿಸುದು ಎಂದು ತೀರ್ಪು ಕೊಟ್ಟಳು. ನನಗೆ ನಾಚಿಕೆಯೇನೂ ಆಗಲಿಲ್ಲ. ಅಷ್ಟು ಸಂತೋಷವಾಗಿತ್ತು.

"ಕೋವಿ ಕೊಡಿ ಬಾಬಾ, ಇನ್ನು ಇಳಿಯೋಣ" ಎಂದ ಸಾಲಿಂ.

"ಗುರಿಯದ್ದು ಮುಗಿಯಿತು. ಬೇಟೆಯದ್ದು ಬಾಕಿ ಇದೆಯಲ್ಲ" ಎಂದರು ಅಬೂ ಸಾಲಿಂ. ಕೋವಿ ತೆರೆದು, ಉಳಿದ ತೋಟೆಗಳನ್ನೆಲ್ಲ ಮಗನ ಅಂಗೈಗೆ ಹಾಕಿ, ಬರಿದಾದ ಕೋವಿಯನ್ನು ಹೆಗಲಿಗೇರಿಸಿ, ಇನ್ನೂ ಮೇಲಿನ ದಾರಿಗೆ ಕಾಲಿಟ್ಟರು. ಸಂಜೆಯ ಮೊದಲು ಆ ತುದಿಯಲ್ಲಿ ಕೆಲವೊಮ್ಮೆ ಕಾಡುಮೇಕೆ ಬರುತ್ತದಂತೆ. ಸಾಲಿಂ ಒಂದು ಕ್ಷಣ ತೋಟೆ ಹಿಡಿದು ನಿಂತ. ಆಮೇಲೆ ಅವುಗಳನ್ನು ಜೇಬಿಗೆ ಹಾಕಿ ತಂದೆಯ ಹಿಂದೆ ಹೊರಟ.

ನಾನು ಕೋಲು ಊರಿ ಎದ್ದೆ. "ಮೇಕೆ ಬಂದರೂ ನನ್ನ ಕಣ್ಣಿಗೆ ಕಾಣುವುದಿಲ್ಲವಲ್ಲ ಅಬೂ ಸಾಲಿಂ?" ಎಂದು ಕೆಳಗಿನಿಂದ ಕೂಗಿದೆ.

"ನಾನು ನೋಡಿ ಹೇಳುತ್ತೇನೆ" ಎಂದರು ಅವರು, ಹಿಂತಿರುಗಿ ನೋಡದೆ. "ಯಲ್ಲಾ ಡಾಕ್ಟರ್, ಬನ್ನಿ."